ಅಲೋನ್ ಬೇರೆ, ಲೋನ್ಲಿ ಬೇರೆ

ಒಬ್ಬಳೇ ತಿರುಗುವ ಹೆಂಗಸಿಗೆ ನಮ್ಮ ಕಡೆ ಇರುವುದು ಒಂದೇ ತೊಂದರೆ: ಒಬ್ಬಳೇ ಇರಲು ಯಾರೂ ಬಿಡುವುದಿಲ್ಲ. ಲಡಾಖಿನಿಂದ ಲಿಸ್ಬನ್‌ವರೆಗೆ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರು. ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಬಿಟ್ಟಿಲ್ಲ.

ಹಿರೇಕೆರೂರಿನ ನನ್ನ ಅಕ್ಕ ಇದನ್ನು ನಂಬುವುದಿಲ್ಲ. ಸವಣೂರಿನ ಬಾಡಿಗೆ ಮನೆ ಬಿಟ್ಟು ತನ್ನ ತುಂಬಿದ ಮನೆಗೆ ಬಂದುಬಿಡು ಎಂದು ಅವಳ ಹಟ.

"ನೀ ಲೋನ್ಲಿ ಆಗೀದಿ," ಎಂದಳು ಫೋನಿನಲ್ಲಿ. ಮೊಮ್ಮಗಳು ಕಲಿಸಿದ ಶಬ್ದ.

"ಅಲೋನ್ ಅದೇನಿ ಅಕ್ಕಾ. ಲೋನ್ಲಿ ಬ್ಯಾರೆ."

"ಬ್ಯಾರೆ ಹೆಂಗ? ಎರಡರಾಗೂ ಮನ್ಯಾಗ ಒಬ್ಬಾಕೀನ ಇರ್ತಾಳಲ್ಲ. ಬರೂ ವಾರ ಬಂದು ನಿನ್ನ ಗಂಟು ಕಟ್ತೇನಿ."

ತಿಳವಳ್ಳಿ ಬಸ್ಸು

ಆ ವಾರವೇ ಹಾನಗಲ್ಲದಿಂದ ತಿಳವಳ್ಳಿಗೆ ಹೊರಟಿದ್ದೆ. ಕಿಟಕಿಯ ಸೀಟು ಹಿಡಿದು ಪುಸ್ತಕ ತೆರೆದೆ.

"ಒಬ್ರ ಹೊಂಟೀರೇನ್ರಿ?" ಎಂದಳು ಪಕ್ಕದ ಹೆಣ್ಣುಮಗಳು.

"ಹೂಂರಿ."

ಅವಳ ಕರುಳು ಚುರ್ ಎಂದಿರಬೇಕು. ತನ್ನ ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿ, "ಹಿಡ್ಕೋರಿ, ಬ್ಯಾಸರ ಕಳೀತೈತಿ," ಎಂದು ತಾನು ಗೊರಕೆಗೆ ಇಳಿದಳು.

ತಿಳವಳ್ಳಿ ಬರುವಷ್ಟರಲ್ಲಿ ಬೇಸರ ಕಳೆದಿತ್ತು. ಸೀರೆಯೂ ಒದ್ದೆಯಾಗಿತ್ತು.

ಗೊಟಗೋಡಿಯ ಫೋಟೋ

ಮರುದಿನ ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಹೋದೆ. ರೊಟ್ಟಿ ಬಡಿಯುವ ಹೆಂಗಸಿನ ಸಿಮೆಂಟ್ ಗೊಂಬೆಯ ಪಕ್ಕ ನೆಮ್ಮದಿಯಾಗಿ ಕುಳಿತಿದ್ದೆ. ಮಾತಾಡದವರ ಪಕ್ಕ ಕೂರುವ ಸುಖವೇ ಬೇರೆ.

"ಗೊಂಬಿ ಜೋಡಿ ಕುಂತಾರ ನೋಡ್ರಿ ಪಾಪ," ಎಂದಿತು ಶಿಗ್ಗಾವಿಯ ಒಂದು ಕುಟುಂಬ. ಕೈಹಿಡಿದು ಎಬ್ಬಿಸಿ, ತಮ್ಮ ಫೋಟೋದ ನಡುವೆ ನಿಲ್ಲಿಸಿಕೊಂಡರು. ಗೋಡೆಗೆ ಹಾಕಿಸುತ್ತಾರಂತೆ.

ಅದರಲ್ಲಿ ಅವರ ಅತ್ತೆಯ ಪಕ್ಕ ನಾನು ನಗುತ್ತ ನಿಂತಿದ್ದೇನೆ. ಅತ್ತೆ ನಗುತ್ತಿಲ್ಲ.

ಖಾಲಿ ತಾಟು

ಹೇಳಿದಂತೆ ಅಕ್ಕ ಖಾಲಿ ಚೀಲಗಳೊಂದಿಗೆ ಬಂದಿಳಿದಳು.

ಸವಣೂರಿನ ನಮ್ಮ ಓಣಿಯಲ್ಲಿ, ತಿನಿಸು ಹೊತ್ತು ಬಂದ ತಾಟು ಖಾಲಿ ಮರಳಬಾರದು. ಚಹಾಕ್ಕೆ ಬಿಟ್ಟರೆ ನಾನು ಒಲೆ ಹಚ್ಚುವವಳಲ್ಲ. ಬಲಗಡೆ ಮನೆಯ ಖಾಲಾ ಕಳಿಸಿದ ಸೇವಿಗೆ ಪಾಯಸದಲ್ಲಿ ಅರ್ಧ ಎಡಗಡೆಯ ಗೌಡತಿಗೆ, ಗೌಡತಿಯ ಸಿಹಿ ಮಾದಲಿಯಲ್ಲಿ ಅರ್ಧ ಖಾಲಾಗೆ. ನಡುವೆ ನನ್ನ ಊಟ. ಹೀಗೇ ಸಂಸಾರ ನಡೆದಿದೆ.

ನಾನು ಅಕ್ಕನಿಗೆಂದು ಖಾರದ ತಿನಿಸು ತರಲು ಪೇಟೆಗೆ ಹೋದಾಗ ಅವಳು ಮನೆಯಲ್ಲಿದ್ದ ಅವರಿಬ್ಬರ ತಾಟುಗಳನ್ನೂ ಬೆಳಗಿದಳು. ಹಾಕಿಕೊಡಲು ಹುಡುಕಿದರೆ ಸಕ್ಕರೆಯೂ ಇಲ್ಲ, ಬರೀ ಚಹಾಪುಡಿ. ನಾಚಿಕೊಂಡು ಖಾಲಿ ತಾಟುಗಳನ್ನೇ ಎರಡೂ ಮನೆಯ ಕಟ್ಟೆಯ ಮೇಲಿಟ್ಟು ಬಂದಳು.

ನಾನು ಮರಳಿದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಹೊರಗೆ ದವಾಖಾನೆಗೆಂದು ಕರೆಸಿದ ಆಟೋ. ತಾಟು ಖಾಲಿ ಬಂತೆಂದರೆ ನಾನು ಹಾಸಿಗೆ ಹಿಡಿದಿರಬೇಕೆಂದು ಓಣಿಯೇ ಓಡಿಬಂದಿತ್ತು. ನಾನು ಸಿಗಲಿಲ್ಲ, ಅಕ್ಕ ಸಿಕ್ಕಳು. ಅವಳನ್ನೇ ಮಲಗಿಸಿ ಕೌದಿ ಹೊದಿಸಿದ್ದರು. ಗೌಡತಿ ಗಂಜಿ ಕುಡಿಸುತ್ತಿದ್ದಳು, ಖಾಲಾ ಕಾಲು ಒತ್ತುತ್ತಿದ್ದಳು.

"ನಂಗೇನೂ ಆಗಿಲ್ರಿ," ಎಂದಳು ಅಕ್ಕ.

"ಎಲ್ಲಾ ಬೀಮಾರಿಯವ್ರೂ ಹಿಂಗ ಅಂತಾರ. ಬಾಯಿ ತೆಗೀರಿ," ಎಂದಳು ಖಾಲಾ.

ನಾನು ಬಾಗಿಲಿಗೆ ಒರಗಿ ಕೇಳಿದೆ, "ಗಂಟು ಕಟ್ಟೂಣೇನ ಅಕ್ಕಾ?"

ಅಕ್ಕ ಇನ್ನೊಂದು ಗುಟುಕು ಗಂಜಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಹಿರೇಕೆರೂರಿನಿಂದ ಅವಳ ಮಗನ ಫೋನು: ಚಿಗವ್ವನನ್ನು ಕರೆದುಕೊಂಡು ಯಾವಾಗ ಬರುತ್ತೀ?

"ಆಕಿ ಬರಂಗಿಲ್ಲಪಾ. ಆಕಿ ಅಲೋನ್ ಅದಾಳ, ಲೋನ್ಲಿ ಇಲ್ಲ. ಅದು ಬ್ಯಾರೆ, ಇದು ಬ್ಯಾರೆ."

"ಮತ್ತ ನೀ?"

"ನಾನೂ ಇಲ್ಲೇ ಸ್ವಲ್ಪ ದಿನ ಅಲೋನ್ ಇರ್ತೇನಿ," ಎಂದಳು ಅಕ್ಕ, ಕೌದಿ ಸರಿಪಡಿಸಿಕೊಳ್ಳುತ್ತ. "ಖಾಲಾ ಇನ್ನೂ ಎಡಗಾಲು ಒತ್ತಿಲ್ಲ."