ನಾಲ್ಕು ಪೊಟ್ಟಣಗಳ ಲೆಕ್ಕ

ಪೊಟ್ಟಣದ ದಾರವನ್ನು ಉಜ್ಜನಪ್ಪ ಹಲ್ಲಿನಿಂದ ಬಿಚ್ಚಿದ. ಒಳಗೆ ಕೆಂಪು ಕಣಗಿಲೆ. ಅದನ್ನು ಕೋಟಿನ ಜೇಬಿಗೆ ತುರುಕಿ, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಂದ ಕಿತ್ತು ತಂದಿದ್ದ ಬಿಳಿ ಕಣಗಿಲೆಗಳಲ್ಲಿ ಒಂದನ್ನು ಬಾಳೆಲೆಯೊಳಗಿಟ್ಟು ಮತ್ತೆ ಕಟ್ಟಿದ.

"ಲಗೂ ಮುಗ್ಸೋ ಮಾರಾಯ, ಅಜ್ಜಿ ತುಪ್ಪ ತಗಂಡು ಬಂದ್ಬಿಡ್ತಾಳೆ," ಎಂದು ದೇವರಮನೆಯ ಬಾಗಿಲಲ್ಲಿ ಕಾವಲು ನಿಂತಿದ್ದ ಡ್ರಿಲ್ ಮೇಷ್ಟ್ರು ಬಕ್ಕೇಶಪ್ಪ ಪಿಸುಗುಟ್ಟಿದ.

"ಈಗ ನಾಕರಾಗ ಮೂರು ಬಿಳಿ. ಮುಕ್ಕಾಲು."

"ಮುಕ್ಕಾಲು ಸಾಕಲ್ಲೋ?"

"ಉಳಿದ ಕಾಲು ಎಲ್ಲಿಗೋಗತೈತೆ?" ಉಜ್ಜನಪ್ಪ ಇನ್ನೊಂದು ಕೆಂಪನ್ನೂ ತೆಗೆದು ಜೇಬಿಗಿಳಿಸಿ, ಅಲ್ಲೂ ಬಿಳಿಯನ್ನಿಟ್ಟ.

ದಾವಣಗೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವ ಉಜ್ಜನಪ್ಪ ಗೆಳೆಯ ಬಕ್ಕೇಶಪ್ಪನನ್ನು ಕರೆದುಕೊಂಡು ಬೆಳಗಿನ ರೈಲಿಗೆ ಹರಿಹರಕ್ಕೆ ಹೆಣ್ಣು ನೋಡಲು ಬಂದಿದ್ದ. ಎರಡೂ ಕಡೆ ಒಪ್ಪಿಗೆಯಾಗಿತ್ತು. ಆದರೆ ಹುಡುಗಿಯ ಅಜ್ಜಿ ಹುಲಿಗೆಮ್ಮ, ದೇವರನ್ನೂ ಕೇಳಬೇಕೆಂದಳು. ಎರಡು ಬಿಳಿ, ಎರಡು ಕೆಂಪು ಹೂವಿನ ಪೊಟ್ಟಣ. ವರನೇ ಒಂದನ್ನು ಎತ್ತಬೇಕು.

"ಬಿಳಿ ಬಂದ್ರ ಮದುವಿ, ಕೆಂಪು ಬಂದ್ರ ವಾಪಸ್ ರೈಲು. ನಮ್ಮ ಮನ್ಯಾಗ ಮೂರು ಮದುವಿ ಹಿಂಗೇ ಆಗ್ಯಾವು," ಎಂದು ಬಕ್ಕೇಶಪ್ಪ ಕಿವಿಯಲ್ಲಿ ಊದಿದ್ದ.

ಅವಲಕ್ಕಿ ತಿನ್ನುತ್ತ ಉಜ್ಜನಪ್ಪ ಅಜ್ಜಿಗೆ ಪಾಠವನ್ನೇ ಮಾಡಿದ್ದ. "ನಾಕರಾಗ ಎರಡು. ಅಂದ್ರ ಸಂಭವನೀಯತೆ ಅರ್ಧ ಕಣಮ್ಮ."

"ಒಂದು ಬಿಳಿ ಎತ್ತಿದ ಮ್ಯಾಲೆ ಉಳಿದ ಮೂರರ ಲೆಕ್ಕ ಏನ್ರಿ?" ಬಾಗಿಲ ಹಿಂದಿನಿಂದ ಹುಡುಗಿ ಗಿರಿಯಮ್ಮ ಕೇಳಿದ್ದಳು.

"ಮೂರರಾಗ ಎರಡು ಕೆಂಪು," ಎಂದು ಉಜ್ಜನಪ್ಪ ಅವಲಕ್ಕಿ ತಟ್ಟೆಯನ್ನು ಕೆಳಗಿಟ್ಟಿದ್ದ. ಆರು ವರ್ಷದ ಸರ್ವೀಸಿನಲ್ಲಿ ಒಬ್ಬ ವಿದ್ಯಾರ್ಥಿಯೂ ಅವನನ್ನು ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಆ ಕ್ಷಣದಿಂದ ಅವನಿಗೆ ಅರ್ಧ ಸಾಲದಾಯಿತು.

ಈಗ ಸಂಭವನೀಯತೆ ಪೂರ್ತಿ ಒಂದು. ದೇವರಿಗೂ ಬೇರೆ ದಾರಿ ಉಳಿದಿರಲಿಲ್ಲ.

ಹುಲಿಗೆಮ್ಮ ಬಂದು ದೀಪ ಹಚ್ಚಿದಳು. ಮನೆಯವರೆಲ್ಲ ಸೇರಿದರು. ಉಜ್ಜನಪ್ಪ ಕಣ್ಣು ಮುಚ್ಚಿ, ಬೇಕೆಂದೇ ಸ್ವಲ್ಪ ತಡಕಾಡಿ, ಒಂದನ್ನು ಎತ್ತಿಕೊಟ್ಟ. ಅಜ್ಜಿ ಬಿಚ್ಚಿದಳು.

ಬಿಳಿ.

ಬಕ್ಕೇಶಪ್ಪ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲ. ಅವನ ಕೈಗಳು ಕರೆಯದ ಮದುವೆಗೆ ಬಂದ ನೆಂಟರಂತೆ ಪೆಚ್ಚಾಗಿ ಕೆಳಗಿಳಿದವು.

"ಯಾಕ್ರಿ?" ಎಂದ ಉಜ್ಜನಪ್ಪ.

"ನಮ್ಮ ಮನ್ಯಾಗ ಕುಂಕುಮದ ಬಣ್ಣ ಬಂದ್ರ ಒಪ್ಪಿಗಿ," ಹುಲಿಗೆಮ್ಮ ನಿಟ್ಟುಸಿರಿಟ್ಟಳು. "ಬಿಳಿ ಅಂದ್ರ ದೇವ್ರು ಒಲ್ಲೆ ಅಂದಂಗ."

ಉಜ್ಜನಪ್ಪ ಬಕ್ಕೇಶಪ್ಪನನ್ನು ನೋಡಿದ. ಬಕ್ಕೇಶಪ್ಪ ಸೂರು ನೋಡಿದ.

ಆಗ ಗಿರಿಯಮ್ಮ ಬಾಗಿಲು ದಾಟಿ ಮುಂದೆ ಬಂದಳು. "ಇನ್ನೊಂದು ಸಲ ಎತ್ತಲಿ ಬಿಡು ಅಜ್ಜಿ. ಉಳಿದ ಮೂರರಾಗ ಎರಡು ಕೆಂಪು ಅದಾವಲ್ಲ."

ಅಜ್ಜಿ ಮೊಮ್ಮಗಳ ಮುಖ ನೋಡಿ ಕರಗಿದಳು. "ಆತು, ಎತ್ರಿ ಮೇಷ್ಟ್ರೇ. ದೇವ್ರು ಏನೂ ಅನ್ನಂಗಿಲ್ಲ. ಲೆಕ್ಕಾನೂ ಈಗ ನಿಮ್ಮ ಕಡಿಗೇ ಐತೆ."

ಗಿರಿಯಮ್ಮ ತಟ್ಟೆಯನ್ನು ಅವನ ಮುಂದೆ ಹಿಡಿದಳು. ಕೋಟಿನ ಜೇಬಿನಲ್ಲಿ ಎರಡು ಕೆಂಪು ಕಣಗಿಲೆ ಬಾಡುತ್ತಿದ್ದವು.

"ಬ್ಯಾಡ್ರಿ," ಎಂದ ಉಜ್ಜನಪ್ಪ. "ನಾ ಎತ್ತಂಗಿಲ್ಲ."