ಚಂದ್ರಚೂಡ ಭಾವನ ಪಾಠದ ಪನ್ನೀರು

"ಇನ್ನು ಮುಂದೆ ಈ ಮನೆಯಲ್ಲಿ ಒಂದೇ ತಪ್ಪು ಎರಡು ಸಲ ಆಗೋದಿಲ್ಲ!" ಎಂದು ಘೋಷಿಸಿ ಚಂದ್ರಚೂಡ ಭಾವ ಮೇಜಿನ ಮೇಲೆ ಮುಚ್ಚಿದ್ದ ಬೆಡ್‌ಶೀಟನ್ನು ಸರ್ರನೆ ಎಳೆದರು. ಬೆಡ್‌ಶೀಟಿನ ಜೊತೆ ಹೂದಾನಿಯೂ ಬಂದು ನೆಲಕ್ಕೆ ಬಿದ್ದು ಚೂರಾಯಿತು.

"ಹೋದ ವಾರಾನೂ ಹೀಗೇ ಒಂದು ಒಡೆದ್ರಿ," ಎಂದಳು ನನ್ನ ಅಕ್ಕ ವಿಶಾಲಾಕ್ಷಿ.

ಭಾವ ಕೇಳಿಸಿಕೊಳ್ಳಲಿಲ್ಲ. ಬೆಡ್‌ಶೀಟಿನ ಅಡಿಯಲ್ಲಿದ್ದದ್ದು ಯಾವುದೋ ಬ್ಯೂಟಿ ಪಾರ್ಲರ್‌ನವರು ಎಸೆದಿದ್ದ, ಕೂದಲು ಒಣಗಿಸುವ ದೊಡ್ಡ ಟೋಪಿ. ಅದರ ನೆತ್ತಿಯಿಂದ ಹೊರಟ ವೈರುಗಳು ಅಕ್ಕನ ಇಡ್ಲಿ ಕುಕ್ಕರಿನೊಳಗೆ ಇಳಿದಿದ್ದವು. ಕುಕ್ಕರಿನ ಹೊಟ್ಟೆಗೊಂದು ಪುಟ್ಟ ನಲ್ಲಿ. ನಲ್ಲಿಯ ಕೆಳಗೆ ಕೆಮ್ಮಿನ ಔಷಧಿಯ ಖಾಲಿ ಬಾಟಲಿ.

ಭಾವನ ದುಃಖವನ್ನು ಇಲ್ಲಿ ಹೇಳಲೇಬೇಕು. ಅವರು ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಪ್ರತಿ ಪ್ರಾಜೆಕ್ಟ್ ಮುಗಿದಾಗಲೂ ಅಲ್ಲೊಂದು ಸಭೆ ಕರೆದು, 'ಈ ಪ್ರಾಜೆಕ್ಟಿನಿಂದ ನಾವು ಏನು ಕಲಿತೆವು' ಎಂದು ಎಲ್ಲರನ್ನೂ ಕೇಳುತ್ತಿದ್ದರಂತೆ. ಎಲ್ಲರೂ ಗೋಡಂಬಿ ಬಿಸ್ಕತ್ತು ತಿಂದು, "ಹೊಂದಾಣಿಕೆ ಇನ್ನಷ್ಟು ಬೇಕಿತ್ತು" ಎನ್ನುತ್ತಿದ್ದರಂತೆ. ಭಾವ ಅದನ್ನೆಲ್ಲ ವರದಿ ಮಾಡಿದರೆ, ವರದಿ ಬೀರುವಿಗೆ ಹೋಗುವುದು, ಮುಂದಿನ ಸೇತುವೆಯಲ್ಲಿ ಅದೇ ಜನ ಅದೇ ತಪ್ಪನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುವುದು! ಆ ಕೊರಗಿನಲ್ಲೇ ಭಾವ ನಿವೃತ್ತರಾದರು. ಈಗ ಅವರ ಕೈಯಲ್ಲಿ ಉಳಿದಿದ್ದ ಪ್ರಾಜೆಕ್ಟ್ ಒಂದೇ, ಕಿರಿಮಗಳು ವೈಜಯಂತಿಯ ಮದುವೆ.

"ವಿಶಾಲೂ, ಬಾ ಕೂತ್ಕೋ. ಮಂದಾರನ ಮದುವೆ ನೆನೆಸಿಕೋ."

"ಹಾಲು ಒಲೆ ಮೇಲಿದೆ ಕಣ್ರೀ!"

"ಇತಿಹಾಸ ಸೃಷ್ಟಿ ಆಗ್ತಿದೆ, ಹಾಲಂತೆ ಹಾಲು!"

ಅಕ್ಕ ಕೂತು ಟೋಪಿ ಹಾಕಿಕೊಂಡಳು. ಗುಂಯ್ ಎಂದಿತು. ಕುಕ್ಕರ್ ಒಂದು ಸೀಟಿ ಹೊಡೆಯಿತು. ನಲ್ಲಿಯಿಂದ ತಿಳಿಹಳದಿ ಹನಿಯೊಂದು ತೊಟ್ಟಿಕ್ಕಿತು. ಭಾವ ಅದನ್ನು ಅತ್ತರಿನಂತೆ ನನ್ನ ಮುಂಗೈಗೆ ಸವರಿದರು.

"ಹೂವು ಹಿಂದಿನ ದಿನವೇ ತರಿಸಬಾರದು! ಬಾಡಿ ಹೋಗುತ್ತೆ!" ಎಂದು ನನ್ನ ಬಾಯಿ ತಾನಾಗಿಯೇ ಕೂಗಿತು. ಹಿರಿಮಗಳು ಮಂದಾರನ ಮದುವೆಯ ಹೊತ್ತಿಗೆ ನಾನು ಟೈಫಾಯ್ಡ್ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದೆ. ಹೂವು ಬಾಡಿದ್ದು ನನಗೆ ಹೇಗೆ ಗೊತ್ತಾಗಬೇಕು!

"ನೋಡಿದ್ಯಾ ಶ್ಯಾಮಲಾ!" ಭಾವ ಕುಣಿದೇಬಿಟ್ಟರು. "ಅವಳು ಕಲಿತ ಪಾಠ ನಿನಗೆ ಬಂತು!"

ನನ್ನ ಬಾಯಿ ಇನ್ನೂ ನಿಂತಿರಲಿಲ್ಲ. "ಗಂಡನಿಗೆ ಒಂದು ಕೆಲಸ ಹೇಳೋದಕ್ಕಿಂತ ತಾನೇ ನಾಲ್ಕು ಕೆಲಸ ಮಾಡ್ಕೊಳ್ಳೋದು ವಾಸಿ!"

ಭಾವ ಒದ್ದೆ ಟವೆಲಿನಿಂದ ನನ್ನ ಮುಂಗೈ ಉಜ್ಜಿ ಉಜ್ಜಿ ಒರೆಸಿದರು. "ಅದು ಬರೀ ಗೊರಗೊರ. ರೇಡಿಯೋದಲ್ಲೂ ಬರುತ್ತಲ್ಲ, ಹಾಗೆ."

ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು.

ಮುಂದಿನ ಭಾನುವಾರ ಮಂದಾರನ ಮದುವೆಯಲ್ಲಿ ಓಡಾಡಿದವರಿಗೆಲ್ಲ ಬುಲಾವ್ ಹೋಯಿತು. ಎಲ್ಲರೂ ಬಂದು ಉಪ್ಪಿಟ್ಟು ತಿಂದು, ಬಾಯಲ್ಲಿ ಬಹಳ ಸಭ್ಯವಾಗಿ ಮಾತಾಡಿದರು. "ಸ್ವಲ್ಪ ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿ ಮಾಡಬಹುದಿತ್ತು," ಎಂದರು ಅಡುಗೆಯ ಕಿಟ್ಟಪ್ಪ. "ಎಲ್ಲರೂ ಒಂದೇ ಮನಸ್ಸಿನಿಂದ ದುಡಿಯಬೇಕು," ಎಂದ ನಮ್ಮಣ್ಣ ರಂಗನಾಥ, ಆ ಮದುವೆಯಲ್ಲಿ ಒಂದು ಕುರ್ಚಿಯನ್ನೂ ಎತ್ತಿಡದವನು. ದೊಡ್ಡಳಿಯ ಪ್ರಹ್ಲಾದ, "ಎಲ್ಲಾ ಸೂಪರ್ ಆಗಿತ್ತು ಮಾವ," ಎಂದ. ಅವನ ಸೋದರತ್ತೆ ಕಾಮಾಕ್ಷಮ್ಮ, ಅಂದು ಕಾಫಿ ತಣ್ಣಗಿದೆ ಎಂದು ಮುನಿಸಿಕೊಂಡು ಕಾರಿನಲ್ಲಿ ಕೂತು ಕೊನೆಗೆ ರೇಷ್ಮೆ ಸೀರೆಯೊಂದಿಗೆ ಇಳಿದು ಬಂದವರು, "ನನಗೇನೂ ಬೇಸರವಿಲ್ಲಪ್ಪ," ಎಂದರು.

ಬಾಯಿ ಏನೇ ಹೇಳಲಿ, ಟೋಪಿ ತಲೆಗೇರಿದ ಕೂಡಲೇ ಹನಿ ಬೀಳುತ್ತಿತ್ತು. ಕಿಟ್ಟಪ್ಪನದು ಎಣ್ಣೆಎಣ್ಣೆ. ಕಾಮಾಕ್ಷಮ್ಮನದು ಬಾಟಲಿಯ ತಳದಲ್ಲಿ ಚುಂಯ್ ಎಂದಿತು! ಪ್ರಹ್ಲಾದನದಂತೂ ನಲ್ಲಿ ಮುಚ್ಚಿದರೂ ನಿಲ್ಲಲಿಲ್ಲ. ಕೊನೆಗೆ ಅಕ್ಕನನ್ನೂ ಮತ್ತೊಮ್ಮೆ ಕೂರಿಸಿದರು.

"ಭಾವ, ಒಳಗೇನಿದೆ ಅಂತ ಒಂದು ಸಲ ನೋಡಬಾರದೆ?" ಎಂದೆ.

"ಪಾಠ ಸಂಗ್ರಹಿಸೋದು, ಹಂಚೋದು ನಮ್ಮ ಕೆಲಸ. ಓದೋದು ನಮ್ಮ ಕೆಲಸವಲ್ಲ," ಎಂದರು ಭಾವ. ಕಂಪನಿಯ ಅಭ್ಯಾಸ ಅಷ್ಟು ಸುಲಭವಾಗಿ ಹೋಗುತ್ತದೆಯೇ!

ಮದುವೆಯ ಬೆಳಗ್ಗೆ ಛತ್ರದ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತವಳು ನಾನೇ. ಬಾಟಲಿಯ ರಸವನ್ನೆಲ್ಲ ಭಾವ ಪನ್ನೀರಿಗೆ ಬೆರೆಸಿದ್ದರು. ಬಂದವರ ಮೇಲೆಲ್ಲ ಎರಚಿದೆ. ವರ ಮುಕುಂದನಿಗೂ, ಅಲಂಕಾರ ಮುಗಿಸಿ ಬಂದ ವೈಜುಗೂ ಎರಡೆರಡು ಸಲ. ಭಾವ ಮಾತ್ರ ಕಂಬದ ಮರೆಯಲ್ಲಿ ನಿಂತಿದ್ದರು. "ಮ್ಯಾನೇಜರ್ ಆದವನು ಕಲಿಯಬಾರದು, ಕಲಿಸಬೇಕು!"

ಮೊದಲು ಗಂಡಸರ ಸರದಿ. ಬೀಗರ ಸಾಮಾನು ಬಸ್ಸಿನಿಂದ ಇಳಿಯಬೇಕಿತ್ತು. ಅಲ್ಲಿದ್ದ ಗಂಡಸರೆಲ್ಲ ಒಟ್ಟಿಗೇ ಫೋನನ್ನು ಕಿವಿಗಿಟ್ಟುಕೊಂಡು, "ಹಲೋ... ಹಲೋ... ಸರಿಯಾಗಿ ಕೇಳಿಸ್ತಿಲ್ಲ," ಎನ್ನುತ್ತ ನಾಲ್ಕೂ ದಿಕ್ಕಿಗೆ ನಡೆದುಬಿಟ್ಟರು! ಅದು ನಮ್ಮಣ್ಣ ಕಲಿತ ಪಾಠ ಎಂದು ನನಗೆ ಆಗ ಹೊಳೆಯಿತು.

ಒಳಗೆ ಹೆಂಗಸರು ಗುಂಪುಗುಂಪಾಗಿ ಮೂಲೆ ಸೇರಿ ಮುಖ ಊದಿಸಿಕೊಂಡಿದ್ದರು. ಮುನಿದವರಿಗೆ ಸೀರೆ ಸಿಗುತ್ತದೆಂದು ಎಲ್ಲರಿಗೂ ತಿಳಿದುಹೋಗಿತ್ತು. ಎಲ್ಲರೂ ಮುನಿದರೆ ಸಮಾಧಾನ ಮಾಡುವವರು ಯಾರು? ಗಂಡಿನ ತಾಯಿ ಒಂದು ಕುರ್ಚಿಯಲ್ಲಿ, ಕಾಮಾಕ್ಷಮ್ಮ ಎದುರಿನ ಕುರ್ಚಿಯಲ್ಲಿ.

"ನೀವು ಯಾಕ್ರೀ ಮುನಿಸ್ಕೊಂಡಿದ್ದೀರಿ? ಇದು ನಮ್ಮ ಹುಡುಗನ ಮದುವೆ!"

"ನಾನು ನಿಮಗಿಂತ ಮೊದಲು ಮುನಿಸ್ಕೊಂಡಿದ್ದೀನಿ!"

ಇತ್ತ ಊಟದ ಮನೆಯಲ್ಲಿ ಕಿಟ್ಟಪ್ಪನ ಪಾಠ ಕೆಲಸ ಮಾಡುತ್ತಿತ್ತು. ಸಿಹಿ ಕಂಡರೆ ಮೊದಲು ಬಚ್ಚಿಡು! ಚಿರೋಟಿಗಳು ವ್ಯಾನಿಟಿ ಬ್ಯಾಗಿಗೆ, ಲಾಡುಗಳು ಜೇಬಿಗೆ ಹೋದವು. ಡೋಲಿನವನು ಬಾರಿಸಿದರೆ ಢಂ ಎನ್ನುವ ಬದಲು ಪುಸ್ ಎಂದಿತು. ಒಳಗೆ ಮೈಸೂರುಪಾಕು!

"ಚಂದ್ರಚೂಡರೇ, ಮುಹೂರ್ತ ಬಂತು!" ಪುರೋಹಿತರು ಕೂಗಿದರು.

ಅಂತರಪಟ ಸರಿಯಿತು. ಮುಕುಂದ ತಾಳಿ ಎತ್ತಿದವನು, ಹಾಗೇ ನಿಂತ.

"ಮಾವ, ಒಂದು ಮಾತು. ಹಬ್ಬಕ್ಕೆ ಬಂದಾಗ ನಿಮ್ಮ ಯಾವ ಯಂತ್ರವನ್ನೂ ನನ್ನ ಮೇಲೆ ಪ್ರಯೋಗಿಸಲ್ಲ ಅಂತ ಎಲ್ಲರ ಮುಂದೆ ಹೇಳಿ. ಆಮೇಲೆ ಕಟ್ತೀನಿ."

ದೊಡ್ಡಳಿಯ ಪ್ರಹ್ಲಾದ ಮೆಲ್ಲನೆ ಮಂಟಪದ ಹಿಂದೆ ಸರಿದ.

"ನನ್ನದೂ ಒಂದಿದೆ," ಎಂದಳು ವೈಜು. "ಸ್ನಾನ ಆದ್ಮೇಲೆ ಒದ್ದೆ ಟವೆಲ್ ಎಲ್ಲಿ ಹಾಕ್ತೀರಿ?"

ಮುಕುಂದ ಯೋಚಿಸಿದ. "ಹಾಸಿಗೆ ಮೇಲೆ."

"ಹಾಗಾದ್ರೆ ಇಳಿಸಿ ತಾಳಿ!"

ಗಂಡಿನ ತಂದೆ ಎದ್ದು ನಿಂತರು. ಯಾರೋ ಬಸ್ಸಿನ ಡ್ರೈವರನ್ನು ಕೂಗಿದರು. ಈ ಸಂಬಂಧ ಕೂಡಿಬರಲೆಂದು ನಮ್ಮಕ್ಕ ಹೊತ್ತಿರದ ಹರಕೆಯಿಲ್ಲ. ಅವಳು ಬೆಳಗಿನಿಂದ ಉಗ್ರಾಣ ಕಾಯುತ್ತ ಪನ್ನೀರಿನ ಕಡೆ ಸುಳಿದಿರಲೇ ಇಲ್ಲ. ಗಲಾಟೆ ಕೇಳಿ ಬಂದವಳು ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ಪನ್ನೀರುದಾನಿ ಕಿತ್ತುಕೊಂಡು, ಮುಚ್ಚಳ ಬಿಚ್ಚಿ, ಉಳಿದದ್ದನ್ನೆಲ್ಲ ಭಾವನ ತಲೆಯ ಮೇಲೆ ಸುರಿದಳು!

"ಏನ್ರೀ, ಈಗೇನು ಮಾಡ್ತೀರಿ ಹೇಳಿ!"

ಭಾವ ಕಣ್ಣು ಪಿಳಿಪಿಳಿ ಬಿಟ್ಟರು. ಜೇಬಿಗೆ ಕೈ ಹಾಕಿದರು. ಫೋನನ್ನು ಕಿವಿಗಿಟ್ಟುಕೊಂಡು, "ಹಲೋ... ಸರಿಯಾಗಿ ಕೇಳಿಸ್ತಿಲ್ಲ," ಎನ್ನುತ್ತ ಛತ್ರದಿಂದ ಹೊರಟೇಹೋದರು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಮಂಟಪ ಹತ್ತಿದಳು.

"ನೋಡಪ್ಪ ಮುಕುಂದ, ನಿನಗೆ ಟವೆಲ್ ಒಣಗಿಸೋಕೆ ಬರಲ್ಲ. ನೋಡೇ ವೈಜು, ನಿನಗೆ ಹೇಳೋದು ಬಿಡೋಕೆ ಬರಲ್ಲ. ನಾಳೆನೂ ಹೀಗೇ ಇರುತ್ತೆ, ನಮ್ಮ ವಯಸ್ಸಿಗೂ ಹೀಗೇ ಇರುತ್ತೆ. ಇಬ್ಬರಿಗೂ ಅದು ಇವತ್ತೇ ಗೊತ್ತಾಯ್ತಲ್ಲ, ನನಗೆ ಯಾರೂ ಹೇಳಿರಲಿಲ್ಲ. ಬೇಕೋ ಬೇಡವೋ?"

ಇಬ್ಬರೂ ಒಬ್ಬರನ್ನೊಬ್ಬರು ದೀರ್ಘವಾಗಿ ನೋಡಿದರು.

"ಹೂಂ," ಎಂದ ಮುಕುಂದ, ನಿಟ್ಟುಸಿರುಬಿಟ್ಟು.

"ಹೂಂ," ಎಂದಳು ವೈಜು, ಇನ್ನೂ ದೊಡ್ಡ ನಿಟ್ಟುಸಿರುಬಿಟ್ಟು.

ತಾಳಿ ಕುತ್ತಿಗೆಗೆ ಬಿತ್ತು. ಅಕ್ಷತೆ ಎರಚಲು ಉಳಿದಿದ್ದವರು ಅಕ್ಕ, ನಾನು, ಇಬ್ಬರೇ.

ಅಕ್ಕನ ಇಷ್ಟು ವರ್ಷದ ಸಂಸಾರದ ಪಾಠ ಆ ಇಬ್ಬರ ಮೈಗೆ ಪೂರ್ತಿ ಇಳಿದಿತ್ತೆಂದು ಆರತಕ್ಷತೆಯ ಹೊತ್ತಿಗೆ ಖಚಿತವಾಯಿತು. ವರ ಸೋಫಾದಲ್ಲಿ ಕಾಲು ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದ. ವಧು ಅವನತ್ತ ತಿರುಗದೆಯೇ, "ಮಾತ್ರೆ ತಗೊಂಡ್ರಾ?" ಎಂದು ಕೇಳುತ್ತಿದ್ದಳು. ಫೋಟೋದವನು "ಸ್ವಲ್ಪ ಹತ್ತಿರ ಬನ್ನಿ" ಎಂದರೆ ಇಬ್ಬರೂ, "ಈ ವಯಸ್ಸಿನಲ್ಲಿ ಅದೆಲ್ಲ ಯಾಕಪ್ಪಾ," ಎಂದರು.

ಯಂತ್ರವನ್ನು ಅಕ್ಕ ಅವತ್ತೇ ಗುಜರಿಗೆ ಹಾಕಿಸಿದಳು. ಉಳಿದವರಿಗೆ ಪನ್ನೀರಿನ ಅಮಲು ಎರಡು ಮೂರು ದಿನದಲ್ಲಿ ಇಳಿಯಿತು. ಇವರಿಬ್ಬರಿಗೆ ಮಾತ್ರ ಇಳಿಯಲಿಲ್ಲ. ಮೊನ್ನೆ ವೈಜು ಫೋನ್ ಮಾಡಿದ್ದಳು.

"ಚಿಕ್ಕಮ್ಮ, ನಮ್ಮಿಬ್ಬರಿಗೆ ಜಗಳವೇ ಇಲ್ಲ. ಯಾವುದು ಶುರು ಮಾಡಿದ್ರೂ ಅದರ ಕೊನೆ ಏನು ಅಂತ ಮೊದಲೇ ಗೊತ್ತಿರುತ್ತೆ. ತುಂಬಾ ಬೇಜಾರು. ಅದಕ್ಕೇ ಇಬ್ಬರೂ ಕೂತು ತೀರ್ಮಾನ ಮಾಡಿದ್ವಿ, ನಮ್ಮದೇ ಅಂತ ಒಂದಾದರೂ ಹೊಸ ತಪ್ಪು ಮಾಡಬೇಕು."

"ಒಳ್ಳೇದಾಗಲಿ ಕಣೇ," ಎಂದೆ. ಆ ವಿಷಯದಲ್ಲಿ ನಮ್ಮ ಮನೆತನದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.