ಮೀನಿನ ತೊಟ್ಟಿಗೊಂದು ಕ್ವಾಲಿಟಿ ಚೆಕ್

ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಸಹಿ ಇಲ್ಲದೆ ಒಂದು ಬೋಲ್ಟೂ ಗೇಟು ದಾಟುವುದಿಲ್ಲ. ಅಂಥವನಿಗೆ, ಗಿಡ ನೆಟ್ಟ ಗಾಜಿನ ತೊಟ್ಟಿಯೊಂದು ಮೀನು ಬಿಡಲು ಯೋಗ್ಯವೋ ಅಲ್ಲವೋ ಎಂದು ಹೇಳುವುದು ಯಾವ ಮಹಾ ಕೆಲಸ!

ಕಳೆದ ಸಲ ತೊಟ್ಟಿ ತಂದ ದಿನವೇ ಮೂರು ಗಪ್ಪಿ ಮೀನು ಬಿಟ್ಟಿದ್ದೆ. ನಾಲ್ಕನೇ ದಿನ ಮೂರೂ ತೇಲಿದವು. ಮಗಳು ಅವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು, ನನ್ನ ಜೊತೆ ಮಾತು ಬಿಟ್ಟಳು. ಈ ಸಲ ಒಂದು ಮೀನು ಸತ್ತರೂ ಮನೆಯಲ್ಲಿ ನನಗೆ ಮುಖವಿಲ್ಲ.

ಆದ್ದರಿಂದ ಕಾರ್ಖಾನೆಯ ಪದ್ಧತಿಯನ್ನೇ ಜಾರಿಗೆ ತಂದೆ. ತೊಟ್ಟಿಗೆ, ತಪಾಸಣೆ ಮುಗಿಯುವವರೆಗೆ ಮಾಲು ತಡೆಹಿಡಿಯುವ ಕೆಂಪು 'ಹೋಲ್ಡ್' ಚೀಟಿ ಅಂಟಿಸಿದೆ. ಮೀನು ಇದ್ದಂತೆಯೇ ಬೆಳಿಗ್ಗೆ ನೀರಿಗೆ ಚಿಟಿಕೆ ಮೀನಿನ ಆಹಾರ, ಸಂಜೆ ಪರೀಕ್ಷೆಯ ಹನಿ. ಹಳದಿ ಬಂದರೆ ಅಮೋನಿಯಾ ಇಲ್ಲ, ಹಸಿರು ಬಂದರೆ ವಿಷ. ದಿನಾ ಹಸಿರೇ; ದಾಖಲೆ ಪುಸ್ತಕದಲ್ಲಿ ಬರೆದಿಟ್ಟೆ. ಹಸಿರು ಕಂಡೊಡನೆ ಮುಕ್ಕಾಲು ನೀರು ಬದಲಾಯಿಸಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಬಿಳಿಯಾಗುವವರೆಗೆ ಹಿಂಡುತ್ತಿದ್ದೆ.

"ನಿಮ್ ಊಟದ ಡಬ್ಬೀನ ಒಂದಿನಾದ್ರೂ ಹಿಂಗೆ ತೊಳ್ದಿದ್ದೀರಾ?" ಎಂದಳು ಹೆಂಡತಿ.

"ಅಪ್ಪಾ, ಮೀನು ಯಾವಾಗ ಬತ್ತವೆ?" ಎಂದಳು ಮಗಳು.

"ಹಳದಿ ಬರ್ಲಿ."

"ಐದು ವಾರ ಆಯ್ತು. ಅವಕ್ಕೆ ಅಂಗಡೀಲೇ ವಯಸ್ಸಾಗ್ಬುಡ್ತದೆ."

ಕೊನೆಗೆ ಹೆಂಡತಿ ನನ್ನನ್ನೂ ನನ್ನ ದಾಖಲೆ ಪುಸ್ತಕವನ್ನೂ ಮೀನಿನ ಅಂಗಡಿಗೆ ಹಾಜರುಪಡಿಸಿದಳು. ಅಂಗಡಿಯವರು ಪುಟ ತಿರುವಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅಣ್ಣಾ, ಆ ಸ್ಪಂಜಿನ ಕೊಳೇಲೇ ಒಳ್ಳೆ ಬ್ಯಾಕ್ಟೀರಿಯಾ ಇರೋದು. ಅಮೋನಿಯಾ ತಿನ್ನೋದೇ ಅವು. ನೀವು ದಿನಾ ಅವನ್ನ ತೊಳ್ದು ಬಿಸಾಕ್ಬುಟ್ಟು, ಅಮೋನಿಯಾ ಯಾಕೆ ಇಳೀತಿಲ್ಲ ಅಂತ ಬರ್ದಿದ್ದೀರಾ."

"ಇವಾಗೇನ್ ಮಾಡೋದು?" ಎಂದಳು ಹೆಂಡತಿ.

"ಚಿಟಿಕೆ ತೀನಿ ಹಾಕ್ತಾ ಇರಿ ಅಕ್ಕಾ, ಅದು ಕೊಳೆತ್ರೇ ಆ ಬ್ಯಾಕ್ಟೀರಿಯಾಕ್ಕೆ ಊಟ. ಅಮೋನಿಯಾ, ಅದ್ರಿಂದ ಹುಟ್ಟೋ ಇನ್ನೊಂದು ವಿಷ ನೈಟ್ರೈಟು, ಎರಡೂ ಸೊನ್ನೆ ಆಗೋವರ್ಗೂ ಅಣ್ಣನ ಕೈ ತೊಟ್ಟಿ ಒಳಗೆ ಹೋಗ್ಬಾರ್ದು. ಅವ್ಳೋ ತಾನ್, ಅಷ್ಟೇ," ಎಂದರು ತಮಿಳು ಬೆರೆಸಿ.

ಅಂದಿನಿಂದ ಸ್ಪಂಜು, ಹನಿ ಬಾಟಲಿ ಎಲ್ಲ ಹೆಂಡತಿಯ ವಶ. ನನಗೆ ದೂರದಿಂದ ನೋಡುವ ಹಕ್ಕು ಮಾತ್ರ. ಸ್ಪಂಜು ಕಂದು ಬಣ್ಣಕ್ಕೆ ತಿರುಗುತ್ತಾ ಹೋಯಿತು. ನನ್ನ ಬಿಪಿ ಏರುತ್ತಾ ಹೋಯಿತು. ನಾಲ್ಕನೇ ವಾರ ಅಮೋನಿಯಾ ಹಳದಿಗೆ ತಿರುಗಿತು. ಇನ್ನೂ ಕೆಲವು ದಿನಕ್ಕೆ ನೈಟ್ರೈಟೂ ಸೊನ್ನೆ. ಮರುದಿನ ನೋಡಿದರೂ ಎರಡೂ ಸೊನ್ನೆಯೇ. ಕೊಳೆತು ಸೊರಗಿದ್ದ ಗಿಡಗಳು ಹೊಸ ಎಲೆ ಬಿಟ್ಟಿದ್ದವು. ಮೂರು ಮೀನು ಬಿಟ್ಟೆವು.

ಐದನೇ ದಿನ ಎಣಿಸಿದೆ. ಎರಡೇ ಇದ್ದವು. ಮತ್ತೊಮ್ಮೆ ಎಣಿಸಿದರೂ ಎರಡೇ. ನನ್ನ ಮುಖ ನೋಡಿ ಹೆಂಡತಿ ಓಡಿಬಂದು ಗಾಜಿನ ಮುಂದೆ ನಿಂತಳು. ಗಿಡದ ಹಿಂದಿನಿಂದ ಮೂರನೆಯದು ಬಾಲ ಆಡಿಸುತ್ತಾ ಬಂತು.

"ನಿಮ್ಮನ್ನ ಕಂಡ್ರೆ ಬಚ್ಚಿಟ್ಕೊಳ್ತದೆ ಕಣ್ರೀ," ಎಂದಳು.

ಇರಲಿ, ಬದುಕಿದೆಯಲ್ಲ! ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಮೀನುಗಳಿಗೆ ನಾನು ಮಾಡಬಹುದಾಗಿದ್ದ ಉಪಕಾರ ಮೊದಲಿನಿಂದಲೂ ಅದೊಂದೇ.